ಹಿಂದಕ್ಕೆ ತಿರುಗದ ಮೋಟಾರು

ಆಟಿಕೆಯ ಮೋಟಾರಿಗೆ ಬ್ಯಾಟರಿ ಜೋಡಿಸಿ, ಆಮೇಲೆ ಎರಡು ತಂತಿಗಳನ್ನು ಅದಲುಬದಲು ಮಾಡಿದರೆ ಏನಾಗುತ್ತದೆ? ಮೋಟಾರು ಉಲ್ಟಾ ತಿರುಗುತ್ತದೆ ಎಂದು ಶಾಲೆಯ ಹುಡುಗರೂ ಹೇಳುತ್ತಾರೆ. ಆದರೆ 1950ರ ದಶಕದ ಇಂಗ್ಲೆಂಡಿನಲ್ಲಿ ಮಾದರಿ ದೋಣಿಗಳಿಗೆಂದೇ ಮಾರುತ್ತಿದ್ದ ಟೇಕಾಲ್ ಮೋಟಾರಿಗೆ ಈ ಪಾಠ ಅನ್ವಯಿಸುವುದಿಲ್ಲ. ತಂತಿಗಳನ್ನು ಹೇಗೆ ಬದಲಿಸಿ ಕೊಟ್ಟರೂ ಅದು ತನ್ನ ಪಾಡಿಗೆ ಒಂದೇ ದಿಕ್ಕಿಗೆ ತಿರುಗುತ್ತಿರುತ್ತದೆ.

ಹಳೆಯ ರೇಡಿಯೊ ನಿಯಂತ್ರಿತ ದೋಣಿಗಳನ್ನು ಅಟ್ಟದಿಂದ ಇಳಿಸಿ, ದುರಸ್ತಿ ಮಾಡಿ ಮತ್ತೆ ಕೆರೆಗಿಳಿಸುವ ಹವ್ಯಾಸ ಬ್ರಿಟನ್ನಿನಲ್ಲಿ ಈಗ ಚೆನ್ನಾಗಿಯೇ ಬೆಳೆದಿದೆ. ಅದಕ್ಕೆ ಕೈಹಾಕಿದವರು ಮೊದಲು ತಲೆ ಕೆರೆದುಕೊಳ್ಳುವುದು ಈ ಮೋಟಾರಿನ ಮುಂದೆ. ಹೊಸ ಎಲೆಕ್ಟ್ರಾನಿಕ್ ಸ್ಪೀಡ್ ಕಂಟ್ರೋಲರ್ ಜೋಡಿಸಿರುತ್ತಾರೆ. ಕಡ್ಡಿಯನ್ನು ಮುಂದೆ ತಳ್ಳಿದರೆ ದೋಣಿ ಮುಂದೆ ಹೋಗುತ್ತದೆ, ಹಿಂದೆ ಎಳೆದರೂ ಮುಂದೆಯೇ ಹೋಗುತ್ತದೆ, ದಡದ ಕಲ್ಲು ಹತ್ತಿರವಾಗುತ್ತದೆ.

ಮೋಟಾರೆಂದರೆ ಎರಡು ಕಾಂತಕ್ಷೇತ್ರಗಳ ನಡುವಿನ ತಳ್ಳಾಟ. ಇಂದಿನ ಆಟಿಕೆ ಮೋಟಾರಿನಲ್ಲಿ ಹೊರಗಿನದು ಶಾಶ್ವತ ಅಯಸ್ಕಾಂತ, ಒಳಗೆ ತಿರುಗುವುದು ತಂತಿಯ ಸುರುಳಿ. ವಿದ್ಯುತ್ತಿನ ದಿಕ್ಕು ಬದಲಾದಾಗ ಸುರುಳಿಯ ಕ್ಷೇತ್ರ ಮಾತ್ರ ತಿರುವುಮುರುವಾಗುತ್ತದೆ, ಅಯಸ್ಕಾಂತ ಇದ್ದ ಹಾಗೇ ಇರುತ್ತದೆ. ಆದ್ದರಿಂದ ತಳ್ಳುವ ದಿಕ್ಕು ಬದಲಾಗುತ್ತದೆ. ಟೇಕಾಲ್‌ನಲ್ಲಿ ಅಯಸ್ಕಾಂತವೇ ಇಲ್ಲ. ಹೊರಗಿನ ಕ್ಷೇತ್ರವನ್ನೂ ಇನ್ನೊಂದು ದಪ್ಪ ಸುರುಳಿಯೇ ಹುಟ್ಟಿಸುತ್ತದೆ. ಒಂದೇ ವಿದ್ಯುತ್ತು ಮೊದಲು ಆ ಸುರುಳಿಯನ್ನು, ನಂತರ ಒಳಗಿನದನ್ನು ಹಾದು ಹೋಗುತ್ತದೆ. ತಂತಿ ಬದಲಿಸಿದರೆ ಎರಡೂ ಕ್ಷೇತ್ರಗಳು ಒಟ್ಟಿಗೇ ತಿರುವುಮುರುವಾಗುತ್ತವೆ. ಋಣವನ್ನು ಋಣದಿಂದ ಗುಣಿಸಿದರೆ ಧನ. ತಳ್ಳುವ ದಿಕ್ಕು ಮೊದಲಿನದೇ. ನಮ್ಮ ಮನೆಯ ಮಿಕ್ಸಿ ಸೆಕೆಂಡಿಗೆ 50 ಬಾರಿ ತೂಗಾಡುವ ಎಸಿ ವಿದ್ಯುತ್ತಿನಲ್ಲೂ ಒಂದೇ ಕಡೆಗೆ ತಿರುಗುವುದರ ಗುಟ್ಟು ಇದೇ.

ಆ ಕಾಲದವರಿಗೆ ಇದೊಂದು ದೋಷ ಅನ್ನಿಸಿರಲಿಲ್ಲ. ಅಂದಿನ ಒಳ್ಳೆಯ ಅಯಸ್ಕಾಂತಗಳು ತೂಕದವು, ದುಬಾರಿ. ಅಗ್ಗದ ಫೆರೈಟ್ ಅಯಸ್ಕಾಂತ ಆಗಷ್ಟೇ ಮಾರುಕಟ್ಟೆಗೆ ಬರುತ್ತಿತ್ತು. ತಾಮ್ರದ ತಂತಿಯಾದರೆ ಯಾರು ಬೇಕಾದರೂ ಸುತ್ತಬಹುದು.

ಈಗಿನ ದುರಸ್ತಿಗಾರರು ಇದಕ್ಕೊಂದು ಉಪಾಯ ಕಂಡುಕೊಂಡಿದ್ದಾರೆ. ನಾಲ್ಕು ಡಯೋಡ್‌ಗಳ ಒಂದು ಬ್ರಿಜ್ ರೆಕ್ಟಿಫೈಯರ್ ತಂದು ಹೊರ ಸುರುಳಿಯನ್ನು ಅದರ ನಡುವೆ ಕೂರಿಸುತ್ತಾರೆ. ವಿದ್ಯುತ್ತು ಯಾವ ಕಡೆಯಿಂದ ಬಂದರೂ ಡಯೋಡ್‌ಗಳು ಅದನ್ನು ಹೊರ ಸುರುಳಿಯೊಳಗೆ ಒಂದೇ ದಿಕ್ಕಿನಲ್ಲಿ ಹರಿಸುತ್ತವೆ. ಒಳಗಿನ ಸುರುಳಿಯಲ್ಲಿ ಮಾತ್ರ ದಿಕ್ಕು ಬದಲಾಗುತ್ತದೆ. ಹೊರ ಸುರುಳಿ ಹೀಗೆ ಅಯಸ್ಕಾಂತದ ವೇಷ ಹಾಕಿತು. ಮೋಟಾರು ಹಿಂದಕ್ಕೂ ತಿರುಗಿತು. ಇದಕ್ಕೆ ಬೆಲೆಯೂ ತೆರಬೇಕು. ಎಲ್ಲ ಹೊತ್ತಿನಲ್ಲೂ ಎರಡು ಡಯೋಡ್ ದಾಟಬೇಕಾದ್ದರಿಂದ ಸುಮಾರು 1.4 ವೋಲ್ಟ್ ಸೋರಿಹೋಗುತ್ತದೆ. ಆರು ವೋಲ್ಟಿನ ದೋಣಿಗೆ ಅದು ಹತ್ತಿರ ಹತ್ತಿರ ಕಾಲುಪಾಲು. ಅದಕ್ಕೇ ಬಲ್ಲವರು ಕಡಿಮೆ ನುಂಗುವ ಶಾಟ್ಕಿ ಡಯೋಡ್ ಹುಡುಕುತ್ತಾರೆ. ಮೋಟಾರಿನ ಒಂದು ಸ್ಕ್ರೂ ಕೂಡ ಬದಲಿಸದೆ, ಬೇಡವಾದಾಗ ತೆಗೆದುಹಾಕಬಹುದಾದ ಈ ಬಗೆಯ ದುರಸ್ತಿಯೇ ನನ್ನ ಲೆಕ್ಕದಲ್ಲಿ ಮೇಲ್ಮಟ್ಟದ್ದು.

ಟೇಕಾಲ್‌ನ ಇನ್ನೊಂದು ಗುಣ ಕತ್ತಲೆಯಲ್ಲಿ ನೋಡಿದರೆ ಗೊತ್ತಾಗುತ್ತದೆ. ಮೈ ಪೂರ್ತಿ ತೆರೆದಿದ್ದು, ಒಳ ಸುರುಳಿಗೆ ವಿದ್ಯುತ್ತು ಮುಟ್ಟಿಸುವ ಬ್ರಷ್ಷುಗಳ ತುದಿಯಲ್ಲಿ ನೀಲಿ ಕಿಡಿಗಳು ಹಾರುತ್ತಿರುತ್ತವೆ. ಕಿಡಿ ಎಂದರೆ ರೇಡಿಯೊ ಪ್ರಸಾರ; 1880ರ ದಶಕದಲ್ಲಿ ವಿಜ್ಞಾನಿ ಹರ್ಟ್ಸ್ ಮೊತ್ತಮೊದಲು ರೇಡಿಯೊ ತರಂಗ ಹುಟ್ಟಿಸಿದ್ದೂ ಕಿಡಿಯಿಂದಲೇ. ಅಂಗೈ ಅಗಲದಾಚೆ ಕುಳಿತ ರಿಸೀವರ್‌ಗೆ ದಡದ ಯಜಮಾನನ ಸಂಕೇತ ಯಾವುದು, ಪಕ್ಕದ ಮೋಟಾರಿನ ಕಿರಿಕಿರಿ ಯಾವುದು ಎಂಬುದೇ ತಿಳಿಯದು. ಬ್ರಷ್ಷಿಗೆ ಪುಟ್ಟ ಕೆಪಾಸಿಟರುಗಳನ್ನು ಬೆಸೆದು ಕಿಡಿಯ ಗದ್ದಲ ಅಡಗಿಸದಿದ್ದರೆ ದೋಣಿ ತನಗೆ ತೋಚಿದತ್ತ ತಿರುಗುತ್ತಿತ್ತು.

ರೇಡಿಯೊದಿಂದ ದೋಣಿ ನಡೆಸುವ ಸಾಹಸವೇನೂ ಆಗ ಹೊಸದಲ್ಲ. 1898ರಲ್ಲಿ ನಿಕೊಲಾ ಟೆಸ್ಲಾ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ತೊಟ್ಟಿಯೊಂದರ ನೀರಿನಲ್ಲಿ ದೋಣಿಯನ್ನು ತಂತಿಯಿಲ್ಲದೆ ಆಡಿಸಿ ತೋರಿಸಿದ್ದ. ಅದೇ ವರ್ಷದ ನವೆಂಬರಿನಲ್ಲಿ ಪೇಟೆಂಟನ್ನೂ ಪಡೆದ. ಅವನ ರಿಸೀವರ್ ಎಂದರೆ ಲೋಹದ ಪುಡಿ ತುಂಬಿದ ಒಂದು ಕೊಳವೆ. ತರಂಗ ತಾಗಿದೊಡನೆ ಪುಡಿ ಒಂದಕ್ಕೊಂದು ಅಂಟಿ ವಿದ್ಯುತ್ತು ಹರಿಯಲು ಬಿಡುತ್ತದೆ. ಮುಂದಿನ ಸಂಕೇತಕ್ಕೆ ಮೊದಲು ಕೊಳವೆಯನ್ನು ಅಲುಗಿಸಿ ಪುಡಿ ಬಿಡಿಸಬೇಕು. ‘ಹೌದು’ ಎನ್ನಬಲ್ಲದು, ‘ಎಷ್ಟು’ ಎನ್ನಲಾರದು.

ಆರು ದಶಕ ಕಳೆದ ಮೇಲೂ ಹವ್ಯಾಸಿಗಳ ಕೈಯಲ್ಲಿದ್ದುದು ಇದೇ ತರ್ಕ. ಬ್ರಿಟನ್ನಿನಲ್ಲಿ 27 ಮೆಗಾಹರ್ಟ್ಸ್ ಪಟ್ಟಿ ಅವರಿಗೆ ಸಿಕ್ಕಿತ್ತು. ಆ ತರಂಗದ ಉದ್ದ 11 ಮೀಟರ್. ಕಾಲು ತರಂಗದ ಆಂಟೆನಾ ಎಂದರೂ ಪೌಣೆ ಮೂರು ಮೀಟರ್ ಕೋಲು. ಟ್ರಾನ್ಸ್‌ಮಿಟರ್ ಎಷ್ಟೋ ಸಲ ನೆಲದ ಮೇಲಿಡುವ ಪೆಟ್ಟಿಗೆ, ಅದರಿಂದ ಹೊರಟ ತಂತಿಯ ತುದಿಗೆ ಒಂದೇ ಒಂದು ಗುಂಡಿ. ದೋಣಿಯೊಳಗೆ ಎಕ್ಸ್‌ಎಫ್‌ಜಿ1 ಎಂಬ ಅನಿಲ ತುಂಬಿದ ಪುಟ್ಟ ವಾಲ್ವ್, ಒಂದು ರಿಲೇ, ಎಸ್ಕೇಪ್‌ಮೆಂಟ್ ಎಂಬ ಹಲ್ಲಿನ ಚಕ್ರ. ಆ ಚಕ್ರಕ್ಕೆ ಶಕ್ತಿ ಕೊಡುವುದು ಬ್ಯಾಟರಿಯಲ್ಲ, ಹುರಿಗೊಳಿಸಿದ ರಬ್ಬರ್ ಬ್ಯಾಂಡು! ಗುಂಡಿ ಒತ್ತಿದರೆ ಟಕ್ ಎಂದು ಚುಕ್ಕಾಣಿ ಬಲಕ್ಕೆ, ಬಿಟ್ಟರೆ ನಡುವಿಗೆ, ಮತ್ತೆ ಒತ್ತಿದರೆ ಎಡಕ್ಕೆ. ಹೋದ ಸಲ ಯಾವ ಕಡೆ ತಿರುಗಿಸಿದ್ದೆವೆಂಬುದನ್ನು ತಲೆಯಲ್ಲೇ ಇಟ್ಟುಕೊಳ್ಳಬೇಕು. ಎರಡು ಬಾರಿ ಬಲಕ್ಕೇ ಹೋಗಬೇಕೆಂದರೆ ನಡುವೆ ಎಡವನ್ನು ಸರಕ್ಕನೆ ದಾಟಿಸಬೇಕು. ರಬ್ಬರಿನ ಹುರಿ ಬಿಚ್ಚಿ ಮುಗಿದರೆ ಚುಕ್ಕಾಣಿಗೂ ವಿದಾಯ. ಈ ರೇಡಿಯೊಗಳ ಶ್ರುತಿ ಎಷ್ಟು ಒರಟೆಂದರೆ ಒಂದು ಕೆರೆಯಲ್ಲಿ ಒಂದು ಹೊತ್ತಿಗೆ ಒಂದೇ ದೋಣಿ. ಶ್ರುತಿಯನ್ನು ಕರಾರುವಾಕ್ಕಾಗಿ ಹಿಡಿದಿಡುವ ಸ್ಫಟಿಕಗಳು ಬಂದ ಮೇಲಷ್ಟೇ ಅದೇ ಪಟ್ಟಿಯನ್ನು ಆರು ಹೋಳು ಮಾಡಿ, ಹೋಳಿಗೊಂದು ಬಣ್ಣ ಕೊಟ್ಟು, ಆಂಟೆನಾಕ್ಕೆ ಆ ಬಣ್ಣದ ಪಟ್ಟಿ ಕಟ್ಟಿ ಆರು ಜನ ಜತೆಯಾಗಿ ಆಡುವಂತಾಯಿತು.

ಚುಕ್ಕಾಣಿ ತಿರುಗಿಸುವ ಇಂದಿನ ಸರ್ವೋಗೆ ‘ಎಷ್ಟು’ ಎಂಬುದು ಅರ್ಥವಾಗುತ್ತದೆ. ಸೆಕೆಂಡಿಗೆ ಐವತ್ತರಂತೆ ಬರುವ ವಿದ್ಯುತ್ ಮಿಡಿತಗಳ ಅಗಲವೇ ಅದರ ಭಾಷೆ: 1 ಮಿಲಿಸೆಕೆಂಡ್ ಇದ್ದರೆ ಒಂದು ಬದಿ, 2 ಇದ್ದರೆ ಇನ್ನೊಂದು ಬದಿ, 1.5 ಇದ್ದರೆ ನಟ್ಟನಡುವೆ. ಅನೇಕರು ಹಳೆಯ ದೋಣಿಗೆ 2.4 ಗಿಗಾಹರ್ಟ್ಸಿನ ಹೊಸ ರೇಡಿಯೊ ಹಾಕಿ ಸುಮ್ಮನಾಗುತ್ತಾರೆ. ಹಟಮಾರಿಗಳು ಹಳೆಯ ವಾಲ್ವ್ ಸೆಟ್ಟನ್ನೇ ಎಬ್ಬಿಸುತ್ತಾರೆ. ಅದಕ್ಕೆ ಬೇಕಾದ 45 ವೋಲ್ಟಿನ ಬ್ಯಾಟರಿ ಈಗ ಅಂಗಡಿಯಲ್ಲಿ ಸಿಗುವುದು ಕಷ್ಟ, ಹಾಗಾಗಿ 9 ವೋಲ್ಟಿನ ಐದು ಬ್ಯಾಟರಿಗಳನ್ನು ಸಾಲಾಗಿ ಪೋಣಿಸುತ್ತಾರೆ. ಇನ್ನು ಕೆಲವರದು ಮೂರನೇ ದಾರಿ. ಹೊಸ ರೇಡಿಯೊದೊಳಗೆ ಪುಟ್ಟ ಪ್ರೋಗ್ರಾಮ್ ಬರೆದು, ಬೇಕೆಂದೇ ಅದನ್ನು ಒಂದೇ ಗುಂಡಿಯ ಹಳೆಯ ಯಂತ್ರದಂತೆ ನಡೆಸುತ್ತಾರೆ. ವಿಚಿತ್ರ ಖಯಾಲಿ ಎನ್ನಿಸಬಹುದು. ಆದರೆ ಆ ಟಕ್ ಸದ್ದಿಗಾಗಿ ಅಷ್ಟು ಪಾಡುಪಡುವವರನ್ನು ಕಂಡರೆ ನನಗಂತೂ ಇಷ್ಟ.

ಇನ್ನು ದೋಣಿಯ ಮೈ. ಆ ಕಾಲದ ಹೆಸರುವಾಸಿ ಕಿಟ್‌ಗಳೆಂದರೆ ಏರೋಕಿಟ್ಸ್ ಕಂಪನಿಯವು, ಲೆಸ್ ರೋವೆಲ್ ವಿನ್ಯಾಸ ಮಾಡಿದವು: 46 ಇಂಚಿನ ಸೀ ಕ್ವೀನ್, 34 ಇಂಚಿನ ಸೀ ಕಮಾಂಡರ್, ಬ್ರಿಟಿಷ್ ವಾಯುಪಡೆಯ ಕ್ರ್ಯಾಶ್ ರೆಸ್ಕ್ಯೂ ಟೆಂಡರ್. ಇವೆಲ್ಲ ಪ್ಲೈವುಡ್ಡಿನವು, ಚೂಪಾದ ಅಂಚಿನ ವಿ ಆಕಾರದ ತಳದವು. ಆ ಆಕಾರ ಬರೀ ಚಂದಕ್ಕಲ್ಲ. ಚಲಿಸುವ ದೋಣಿ ತನ್ನ ಸುತ್ತ ಅಲೆ ಎಬ್ಬಿಸುತ್ತದೆ, ವೇಗ ಹೆಚ್ಚಿದಂತೆ ಆ ಅಲೆಯ ಉದ್ದವೂ ಹೆಚ್ಚುತ್ತದೆ. ಅಲೆ ದೋಣಿಯಷ್ಟೇ ಉದ್ದವಾದಾಗ ಮೂತಿಯ ಬಳಿ ಒಂದು ಏರು, ಹಿಂಬದಿಯಲ್ಲಿ ಇನ್ನೊಂದು, ನಡುವಿನ ತಗ್ಗಿನಲ್ಲಿ ದೋಣಿ ಸಿಕ್ಕಿಬೀಳುತ್ತದೆ. ಸೀ ಕ್ವೀನ್‌ಗೆ ಈ ಕಟ್ಟು ಬೀಳುವುದು ಸೆಕೆಂಡಿಗೆ ಸುಮಾರು 1.35 ಮೀಟರ್ ವೇಗದಲ್ಲಿ, ಅಂದರೆ ದಡದಲ್ಲಿ ನಾವು ನಡೆಯುವಷ್ಟರಲ್ಲಿ. ಅದನ್ನು ಮೀರಬೇಕಾದರೆ ದೋಣಿ ನೀರನ್ನು ಸೀಳುವುದು ಬಿಟ್ಟು ನೀರಿನ ಮೇಲೆ ಜಾರತೊಡಗಬೇಕು. ಆ ವಿ ತಳದ ಸಪಾಟಾದ ಮೈ ಮತ್ತು ಚೂಪಾದ ಅಂಚು ಇರುವುದು ಅದಕ್ಕೇ.

ಈ ಅಲೆಯ ಲೆಕ್ಕವನ್ನು ದೊಡ್ಡ ಹಡಗಿಗೂ ಪುಟ್ಟ ಮಾದರಿಗೂ ಹೊಂದಿಸಿ ಕೊಟ್ಟವನು ವಿಲಿಯಂ ಫ್ರೂಡ್. 1867ರಲ್ಲಿ ಅವನು ‘ಸ್ವಾನ್’ ಮತ್ತು ‘ರೇವನ್’ ಎಂಬ ಎರಡು ಬಗೆಯ ಮಾದರಿಗಳನ್ನು ಇಂಗ್ಲೆಂಡಿನ ಡಾರ್ಟ್ ನದಿಯಲ್ಲಿ ಎಳೆಸಿ ಅಳೆದ. 1872ರಲ್ಲಿ ಟಾರ್ಕೀ ಊರಿನಲ್ಲಿ ನೌಕಾಪಡೆಯ ದುಡ್ಡಿನಿಂದ ಪರೀಕ್ಷಾ ತೊಟ್ಟಿ ಕಟ್ಟಿಸಿದ. ನಮ್ಮ ವಿಶಾಖಪಟ್ಟಣದ ನೌಕಾ ಪ್ರಯೋಗಾಲಯದ ಉದ್ದನೆಯ ತೊಟ್ಟಿಯಲ್ಲಿ ಇಂದಿಗೂ ನಡೆಯುವುದು ಅದೇ ವಿದ್ಯೆ. ಫ್ರೂಡ್ ನಿಯಮದಂತೆ, 16ರಲ್ಲಿ ಒಂದು ಪಾಲಿನ ಅಳತೆಯ ಮಾದರಿ ಅಸಲು ದೋಣಿಯ ಕಾಲುಭಾಗ ವೇಗದಲ್ಲಿ ಹೋದರೆ ಎರಡರ ಅಲೆಗಳೂ ಒಂದೇ ರೂಪದವು. ತೂಕದ ಲೆಕ್ಕ ಇನ್ನೂ ಕಠೋರ: 16ರ ಘನ, 4096. ಎಂಟು ಟನ್ನಿನ ದೋಣಿಯ ಮಾದರಿ ಎರಡೇ ಕಿಲೊ ತೂಗಬೇಕು. ದುರಸ್ತಿಯ ಹುರುಪಿನಲ್ಲಿ ಕಾಲು ಕಿಲೊ ರೆಸಿನ್ ಬಳಿದುಬಿಟ್ಟರೆ ಅಸಲು ದೋಣಿಯ ಮೇಲೆ ಒಂದು ಟನ್ ಹೇರಿದಂತೆ.

ಹಾಗಂತ ಬಳಿಯದೆಯೂ ವಿಧಿಯಿಲ್ಲ. ಅಂದಿನ ಕಿಟ್‌ಗಳನ್ನು ಬಹಳ ಜನ ಅಂಟಿಸಿದ್ದು ನೀರಿಗೆ ಕಲಸುವ ಯೂರಿಯಾ-ಫಾರ್ಮಾಲ್ಡಿಹೈಡ್ ಪುಡಿಯ ಅಂಟಿನಿಂದ. ಅರ್ಧ ಶತಮಾನದ ತೇವ ಮತ್ತು ಸೆಕೆಗೆ ಅದರ ಅಣುಗಳ ಸರಪಳಿ ಕಡಿದು, ಅಂಟು ಗಾಜಿನಂತೆ ಪೆಡಸಾಗಿರುತ್ತದೆ. ಬೆರಳ ಗೆಣ್ಣಿನಿಂದ ತಳವನ್ನು ತಟ್ಟುತ್ತ ಹೋದರೆ ಗಟ್ಟಿ ಜಾಗ ಟಣ್ ಎನ್ನುತ್ತದೆ, ಪದರ ಬಿಟ್ಟ ಜಾಗ ಬೊದ್ ಎನ್ನುತ್ತದೆ. ಅದಕ್ಕಿಂತ ಕೆಟ್ಟದ್ದು, ಮೋಟಾರಿನ ಬದಲು ಎಂಜಿನ್ ಇದ್ದ ದೋಣಿಗಳಲ್ಲಿ, ಆ ಎಂಜಿನ್ನಿನ ಕೆಳಗಿನ ಮರ. ವರ್ಷಗಟ್ಟಲೆ ಎಣ್ಣೆ ಕುಡಿದು ಕಪ್ಪಾದ ಪ್ಲೈವುಡ್ಡಿಗೆ ಯಾವ ಅಂಟೂ ಹಿಡಿಯದು. ಅಸಿಟೋನಿನಿಂದ ಎಷ್ಟು ಒರೆಸಿದರೂ ಮಾರನೆಯ ದಿನ ಒಳಗಿನಿಂದ ಎಣ್ಣೆ ಮತ್ತೆ ಜಿನುಗುತ್ತದೆ. ಅಷ್ಟನ್ನು ಕತ್ತರಿಸಿ ತೆಗೆದು, ಅಂಚನ್ನು ದಪ್ಪದ ಎಂಟುಪಟ್ಟು ಇಳಿಜಾರಾಗಿ ಹೆರೆದು, ಹೊಸ ತುಂಡನ್ನು ಎಪಾಕ್ಸಿಯಿಂದ ಬೆಸೆಯುವುದೇ ದಾರಿ. ಇಳಿಜಾರು ಹೆಚ್ಚಿದಷ್ಟೂ ಅಂಟು ಹಿಡಿಯುವ ಮೈ ಹೆಚ್ಚು.

ಆ ಎಣ್ಣೆಯಾದರೂ ಯಾವುದು? ಹರಳೆಣ್ಣೆ! ಮಾದರಿ ದೋಣಿಗಳ ‘ಡೀಸೆಲ್’ ಎಂಜಿನ್ನಿಗೆ ಬಂಕಿನ ಡೀಸೆಲ್ ಹಾಕುವುದಿಲ್ಲ. ಈಥರ್, ಸೀಮೆಎಣ್ಣೆ, ಹರಳೆಣ್ಣೆ, ಮೂರೂ ಸಮಪಾಲು ಎಂಬುದು ಹಳೆಯ ಪಾಕ. ಈ ಎಂಜಿನ್ನಿಗೆ ಕಿಡಿ ಕೊಡುವ ಪ್ಲಗ್ಗೇ ಇಲ್ಲ. ಪಿಸ್ಟನ್ ಒತ್ತಿದಾಗ ಗಾಳಿ ಬಿಸಿಯೇರಿ, ಸುಮಾರು 160 ಡಿಗ್ರಿಗೇ ಹೊತ್ತಿಕೊಳ್ಳುವ ಈಥರ್ ಮೊದಲು ಉರಿದು ಸೀಮೆಎಣ್ಣೆಗೆ ಬೆಂಕಿ ಹಚ್ಚುತ್ತದೆ. ತಲೆಯ ಮೇಲಿನ ಪುಟ್ಟ ಅಡ್ಡಕಡ್ಡಿಯನ್ನು ತಿರುಗಿಸಿ ಒತ್ತಡವನ್ನು ಓಡುತ್ತಿರುವಾಗಲೇ ಹೊಂದಿಸಬಹುದು. ಈಥರಿಗೆ ಇನ್ನೊಂದು ಕೆಲಸವೂ ಇದೆ. ಹರಳೆಣ್ಣೆಯ ಅಣುವಿನಲ್ಲಿ ಹೈಡ್ರಾಕ್ಸಿಲ್ ಗುಂಪು ಇರುವುದರಿಂದ ಅದು ಸೀಮೆಎಣ್ಣೆಯ ಜತೆ ಸರಿಯಾಗಿ ಬೆರೆಯದು. ಈಥರ್ ನಡುವೆ ನಿಂತು ಎರಡನ್ನೂ ಕೂಡಿಸುತ್ತದೆ. ಬಿಸಿಗೆ ಜಗ್ಗದೆ ಲೋಹಕ್ಕೆ ಅಂಟಿಕೊಳ್ಳುವ ಹರಳೆಣ್ಣೆಯ ಗುಣಕ್ಕೂ ಕಾರಣ ಆ ಗುಂಪೇ. ಇಂದು ಜಗತ್ತಿನ ಹರಳಿನ ದೊಡ್ಡ ಪಾಲು ಬೆಳೆಯುವುದು ಭಾರತದಲ್ಲಿ, ಅದರಲ್ಲೂ ಗುಜರಾತಿನಲ್ಲಿ.

ಆದರೆ ಹರಳೆಣ್ಣೆ ಕೂತಲ್ಲೇ ಹಳತಾದರೆ ಅದರ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಜೇನುಬಣ್ಣದ ವಾರ್ನಿಶ್ ಆಗುತ್ತವೆ. ಅಟ್ಟದಿಂದ ಇಳಿದ ಎಂಜಿನ್ ಕಲ್ಲಿನಂತೆ ಬಿಗಿದಿರುವುದು ತುಕ್ಕಿನಿಂದ ಅಲ್ಲ, ಬಹುಮಟ್ಟಿಗೆ ಇದರಿಂದ. ಅರಿಯದವರು ಇಕ್ಕಳ ಹಾಕಿ ತಿರುಚಿ ಸಣ್ಣ ಕನೆಕ್ಟಿಂಗ್ ರಾಡನ್ನು ಬಗ್ಗಿಸುತ್ತಾರೆ. ಹಾಟ್ ಏರ್ ಗನ್‌ನಿಂದ ನಿಧಾನವಾಗಿ ಬಿಸಿ ಮಾಡಿದರೆ ಸಾಕು, ವಾರ್ನಿಶ್ ಮೆತ್ತಗಾಗಿ ಶಾಫ್ಟು ಕೂದಲೆಳೆಯಷ್ಟು ಕದಲುತ್ತದೆ. ಎರಡು ಹನಿ ತೆಳು ಎಣ್ಣೆ, ಮತ್ತೆ ಬಿಸಿ, ಮತ್ತೆ ಹಿಂದೆ ಮುಂದೆ.

ಹೀಗೆ ಉಳಿಸಿಕೊಂಡ ಎಂಜಿನ್ನುಗಳಲ್ಲಿ ಎಷ್ಟೋ ಈಗ ಕಪಾಟು ಸೇರಿವೆ, ಏಕೆಂದರೆ ಬ್ರಿಟನ್ನಿನ ಹಲವು ಉದ್ಯಾನಗಳ ಕೊಳಗಳಲ್ಲಿ ಅವುಗಳ ಸದ್ದಿಗೆ ನಿಷೇಧವಿದೆ. ಎರಡು ಸಿಲಿಂಡರಿನ, 7 ಸಿ.ಸಿ.ಯ ಟಾಪ್ಲಿನ್ ಟ್ವಿನ್ ಎಂಬ ದೋಣಿ ಎಂಜಿನ್ ಆ ಕಾಲದವರ ಕನಸಾಗಿತ್ತು. ಅದನ್ನು ತೆಗೆದು ವಿದ್ಯುತ್ ಮೋಟಾರು ಕೂರಿಸಿದರೆ ಅಪಚಾರವೆಂದು ಮುಖ ಸಿಂಡರಿಸುವವರಿದ್ದಾರೆ. ಆ ಎಂಜಿನ್ನಿನ ಜನಕ ಕರ್ನಲ್ ಎಚ್. ಜೆ. ಟಾಪ್ಲಿನ್‌ಗೆ ಅಂಥ ಮಡಿ ಇರಲಿಲ್ಲ. 1957ರ ಜೂನ್ 30ರಂದು ರೇಡಿಯೊ ಕ್ವೀನ್ ಎಂಬ ತನ್ನ ಮಾದರಿ ವಿಮಾನಕ್ಕೆ ಬೆಳ್ಳಿ-ಸತು ಬ್ಯಾಟರಿ ಮತ್ತು ಮೋಟಾರು ಕಟ್ಟಿ ಆತ ಹಾರಿಸಿದ. ರೇಡಿಯೊ ನಿಯಂತ್ರಿತ ವಿಮಾನವೊಂದು ವಿದ್ಯುತ್ತಿನಿಂದ ಹಾರಿದ ಮೊದಲ ಅಧಿಕೃತ ದಾಖಲೆ ಅದೇ.