ಪಶುಪತಿನಾಥನ ಸನ್ನಿಧಿಗೆ ಬಸ್ಸಿನ ಹಾದಿ: ವೀಸಾ ಬೇಡ, ಗುರುತಿನ ಚೀಟಿ ಬೇಕು

ಅಂಗೈಯಲ್ಲಿ ಇಷ್ಟಲಿಂಗವಿರುವಾಗ ತೀರ್ಥಕ್ಷೇತ್ರಗಳ ಹಂಗೇಕೆ ಎಂಬ ಪ್ರಶ್ನೆ ನಮ್ಮಲ್ಲಿ ಹಳೆಯದು. ಆದರೂ ಜೀವಮಾನದಲ್ಲಿ ಒಮ್ಮೆಯಾದರೂ ಕಾಶಿಗೆ ಹೋಗಿಬರಬೇಕೆಂಬ ಹಂಬಲ ನಮ್ಮ ಮನೆಗಳ ಹಿರಿಯರಲ್ಲಿ ಬತ್ತಿಲ್ಲ. ಹೊಸಕೋಟೆ ತಾಲ್ಲೂಕಿನ ಅನುಗೊಂಡನಹಳ್ಳಿಯಂತಹ ಹೋಬಳಿ ಊರಿನಿಂದ ಹೊರಟವರೂ ಇಂದು ಕಾಶಿಯ ಜಂಗಮವಾಡಿ ಮಠದ ದರ್ಶನ ಮುಗಿಸಿ, ಅಲ್ಲಿಂದ ಮುಂದೆ ನೇಪಾಳದ ಪಶುಪತಿನಾಥನವರೆಗೆ ಸಾಗಬಹುದಾಗಿದೆ. ಆ ನಾಡು ನಮಗೆ ಅಪರಿಚಿತವಲ್ಲ. ಕಠ್ಮಂಡುವಿನ ಸಮೀಪದ ಭಕ್ತಪುರದಲ್ಲಿ ಜಂಗಮ ಮಠವಿದೆ. ಪಶುಪತಿನಾಥನ ಪೂಜೆಯನ್ನು ಕರ್ನಾಟಕ ಮೂಲದ ಭಟ್ಟರು ನಡೆಸಿಕೊಂಡು ಬಂದಿದ್ದಾರೆ. ಆದರೆ ನಡುವೆ ಇರುವುದು ಜಿಲ್ಲೆಯ ಗಡಿಯಲ್ಲ, ದೇಶದ ಗಡಿ.

1950ರ ಜುಲೈ 31ರಂದು ಉಭಯ ದೇಶಗಳ ನಡುವೆ ಶಾಂತಿ ಮತ್ತು ಮೈತ್ರಿಯ ಒಪ್ಪಂದವಾಯಿತು. ಭಾರತೀಯ ಪ್ರಜೆಗಳು ವೀಸಾ ಇಲ್ಲದೆ ನೇಪಾಳಕ್ಕೆ ಹೋಗಿಬರುವ ರೂಢಿಗೆ ಇದೇ ಆಧಾರ. ವೀಸಾ ಬೇಡವೆಂದರೆ ಯಾವ ಕಾಗದವೂ ಬೇಡವೆಂದು ತಿಳಿಯುವುದೇ ತೊಂದರೆಯ ಮೂಲ.

ಬಸ್ಸಿನಲ್ಲಿ ಹೋಗುವವರು ಸಾಮಾನ್ಯವಾಗಿ ಗೋರಖಪುರದ ಮಾರ್ಗವಾಗಿ ಸುನೌಲಿ ಗಡಿಯನ್ನು ತಲುಪುತ್ತಾರೆ. ಅಲ್ಲಿ ಇಳಿದು ಗಡಿಯ ದ್ವಾರವನ್ನು ನಡೆದೇ ದಾಟಿ, ಆಚೆಯ ಭೈರಹವಾದಿಂದ ಕಠ್ಮಂಡುವಿನ ಬಸ್ಸು ಹಿಡಿಯುವುದು ಒಂದು ಕ್ರಮ. ಊರಿನಿಂದಲೇ ಬಸ್ಸು ಗೊತ್ತುಮಾಡಿಕೊಂಡು ಹೋದರೆ, ಆ ವಾಹನಕ್ಕೆ ನೇಪಾಳದವರು ‘ಭನ್ಸಾರ್’ ಎಂದು ಕರೆಯುವ ಸುಂಕದ ಕಚೇರಿಯಲ್ಲಿ ದಿನಗಳ ಲೆಕ್ಕದಲ್ಲಿ ಶುಲ್ಕ ಕಟ್ಟಿ ಅನುಮತಿ ಪಡೆಯಬೇಕು.

ಇನ್ನು ಪ್ರಯಾಣಿಕರ ಕಾಗದಗಳು. ಪಾಸ್‌ಪೋರ್ಟ್ ಅಥವಾ ಚುನಾವಣಾ ಆಯೋಗವು ಕೊಟ್ಟ ಮತದಾರರ ಗುರುತಿನ ಚೀಟಿ, ಇವೆರಡರಲ್ಲಿ ಒಂದು ಕೈಯಲ್ಲಿರಬೇಕು. 65 ವರ್ಷ ದಾಟಿದವರು ಹಾಗೂ 15 ವರ್ಷದೊಳಗಿನ ಮಕ್ಕಳು ವಯಸ್ಸು, ಗುರುತುಗಳನ್ನು ತೋರಿಸುವ ಭಾವಚಿತ್ರವುಳ್ಳ ಬೇರೆ ದಾಖಲೆಯನ್ನು ತೋರಿಸಬಹುದು. ಅವರಿಗೆ ಆಧಾರ್ ಸಾಕು. 15ರಿಂದ 18ರ ಮಕ್ಕಳಿಗೆ ಶಾಲೆಯ ಮುಖ್ಯೋಪಾಧ್ಯಾಯರ ಗುರುತಿನ ಪತ್ರ ನಡೆಯುತ್ತದೆ.

ಇಲ್ಲಿಯೇ ಹಲವರು ಎಡವುತ್ತಾರೆ. ಎಪ್ಪತ್ತು ವರ್ಷದ ಅತ್ತೆ ಆಧಾರ್ ತೋರಿಸಿ ದಾಟಬಹುದು. ಆಕೆಯ ಕೈಹಿಡಿದು ನಡೆಸಬೇಕಾದ ನಲವತ್ತೈದರ ಸೊಸೆಗೆ ಅದೇ ಆಧಾರ್ ಸಾಲದು. ಸೊಸೆಯ ಮತದಾರರ ಚೀಟಿ ತವರಿನ ವಿಳಾಸದಲ್ಲಿಯೇ ಉಳಿದು ಎಲ್ಲೋ ಕಳೆದುಹೋಗಿದ್ದರೆ, ಗಂಡನೂ ಹೊಲಮನೆಯ ಕೆಲಸಕ್ಕೆಂದು ಊರಿನಲ್ಲಿಯೇ ಉಳಿದಿದ್ದರೆ, ಗಡಿಯಲ್ಲಿ ಅತ್ತೆ ಸೊಸೆಯರು ಬೇರ್ಪಡಬೇಕಾದೀತು. ತನಿಖೆ ಒಂದು ದಿನ ಸಡಿಲವಾಗಿದ್ದು ಮತ್ತೊಂದು ದಿನ ಬಿಗಿಯಾಗಬಹುದು. ಹೆಸರು, ವಿಳಾಸಗಳ ತಿದ್ದುಪಡಿಗೂ ಕಳೆದ ಚೀಟಿಯ ಬದಲಿಗೂ ನಮೂನೆ 8ರಲ್ಲಿ ಅರ್ಜಿ ಸಲ್ಲಿಸಬೇಕು. ಯಾತ್ರೆಗೆ ಹಲವು ತಿಂಗಳ ಮುಂಚೆಯೇ ಈ ಕೆಲಸ ಮುಗಿಸಿಕೊಳ್ಳುವುದು ಲೇಸು.

ವಿದೇಶದಲ್ಲಿ ಹುಟ್ಟಿದ ಮೊಮ್ಮಕ್ಕಳನ್ನು ಜೊತೆಗೆ ಕರೆದೊಯ್ಯುವವರು ಮತ್ತೊಂದು ಮಾತನ್ನು ನೆನಪಿಡಬೇಕು. ಅಮೆರಿಕದ ಪಾಸ್‌ಪೋರ್ಟ್ ಹೊಂದಿರುವ ಮಗು, ಸಾಗರೋತ್ತರ ಭಾರತೀಯರ ಓಸಿಐ ಕಾರ್ಡ್ ಇದ್ದರೂ, ನೇಪಾಳದ ಲೆಕ್ಕದಲ್ಲಿ ವಿದೇಶಿಯೇ. ಅದಕ್ಕೆ ಗಡಿಯಲ್ಲಿ ವೀಸಾ ಮಾಡಿಸಲೇಬೇಕು. ಮರಳಿ ಭಾರತವನ್ನು ಪ್ರವೇಶಿಸುವಾಗ ಪಾಸ್‌ಪೋರ್ಟ್ ಮತ್ತು ಓಸಿಐ ಕಾರ್ಡ್ ಎರಡನ್ನೂ ತೋರಿಸಬೇಕಾಗುತ್ತದೆ.

ಹಣದ ವಿಷಯವೂ ಅಷ್ಟೇ. ನಮ್ಮ 100 ರೂಪಾಯಿಗೆ ನೇಪಾಳದ 160 ರೂಪಾಯಿ ಎಂಬ ದರ 1993ರಿಂದ ಸ್ಥಿರವಾಗಿದೆ. ನೂರಕ್ಕೆ ಮೇಲ್ಪಟ್ಟ ನಮ್ಮ ನೋಟುಗಳ ಬಗ್ಗೆ ಅಲ್ಲಿಯ ನಿಯಮ ಆಗಾಗ ಬದಲಾಗಿದೆಯಾದ್ದರಿಂದ ನೂರರ ನೋಟುಗಳನ್ನೇ ಒಯ್ಯುವುದು ಕ್ಷೇಮ.

ನೇಪಾಳದಿಂದ ಹಾಗೆಯೇ ಕೈಲಾಸಕ್ಕೂ ಹೋಗಿಬರೋಣ ಎನ್ನುವವರುಂಟು. ಕೈಲಾಸ, ಮಾನಸಸರೋವರಗಳಿರುವುದು ಚೀನಾದ ಆಡಳಿತದ ಟಿಬೆಟ್ಟಿನಲ್ಲಿ. ಅಲ್ಲಿಗೆ ಪಾಸ್‌ಪೋರ್ಟ್ ಮತ್ತು ಚೀನಾದ ವೀಸಾ ಎರಡೂ ಕಡ್ಡಾಯ. ಮತದಾರರ ಚೀಟಿಗೆ ಅಲ್ಲಿ ಬೆಲೆಯಿಲ್ಲ. 2020ರಿಂದ ನಿಂತಿದ್ದ ಭಾರತ ಸರ್ಕಾರದ ಕೈಲಾಸ ಯಾತ್ರೆ 2025ರಲ್ಲಿ ಲಿಪುಲೇಖ್ ಮತ್ತು ನಾಥುಲಾ ಮಾರ್ಗಗಳಲ್ಲಿ ಪುನಃ ಆರಂಭವಾಯಿತು. ಅದಕ್ಕೆ ಮುಂಚಿತವಾಗಿ ಅರ್ಜಿ ಸಲ್ಲಿಸಿ ಆಯ್ಕೆಯಾಗಬೇಕು.

ಬುತ್ತಿ, ಹೊದಿಕೆ, ವಿಭೂತಿಗಟ್ಟಿಗಳನ್ನು ಕಟ್ಟಿಕೊಳ್ಳುವ ದಿನವೇ ಮನೆಯ ಪ್ರತಿಯೊಬ್ಬರ ಗುರುತಿನ ಚೀಟಿಯನ್ನೂ ತೆಗೆದು ಹೆಸರು, ವಯಸ್ಸುಗಳನ್ನು ಓದಿ ನೋಡಬೇಕು. ಜೊತೆಯಾಗಿ ಹೊರಟವರು ಜೊತೆಯಾಗಿಯೇ ದರ್ಶನ ಪಡೆದು ಮರಳಿದರೆ ಯಾತ್ರೆ ಸಾರ್ಥಕ.