ಕಿರಿಯ ಪದಗಳ ಹಿರಿಯ ಕಾಟ

ಇಂಗ್ಲಿಷ್ ಭಾಷೆಯ ನಾಮಪದಗಳು ಕನ್ನಡಿಗನನ್ನು ಎಂದೂ ಹೆದರಿಸಿಲ್ಲ. ಬಸ್ಸು, ಬ್ಯಾಂಕು, ಪೆನ್ನು, ಕಾಲೇಜು ಮೊದಲಾದವು ಎಂದೋ ಮನೆಮಾತಾಗಿ, ಕನ್ನಡದ ವಿಭಕ್ತಿ ಪ್ರತ್ಯಯಗಳನ್ನು ತೊಟ್ಟುಕೊಂಡು ನಿಶ್ಚಿಂತೆಯಿಂದ ಓಡಾಡುತ್ತಿವೆ. ದೊಡ್ಡ ಕ್ರಿಯಾಪದಗಳೂ ಅಂಥ ತೊಂದರೆ ಕೊಡುವುದಿಲ್ಲ. 'ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಿ' ಎನ್ನಲು ಯಾರೂ ಶಾಲೆಗೆ ಹೋಗಿ ಕಲಿಯಬೇಕಾಗಿಲ್ಲ. ನಿಜವಾಗಿ ಕಾಟ ಕೊಡುವವು ಅತ್ಯಂತ ಚಿಕ್ಕ ಪದಗಳು: ಡು, ಡಸ್, ಡಿಡ್; ಹ್ಯಾವ್, ಹ್ಯಾಡ್; ಕ್ಯಾನ್, ಕುಡ್; ವಿಲ್, ವುಡ್. ವ್ಯಾಕರಣದಲ್ಲಿ ಇವುಗಳ ಹೆಸರು ಸಹಾಯಕ ಕ್ರಿಯಾಪದಗಳು. ಆದರೆ ವಯಸ್ಸು ಬಂದ ಮೇಲೆ ಇಂಗ್ಲಿಷ್ ಕಲಿಯಲು ಹೊರಟವರನ್ನು ಕೇಳಿದರೆ, ಇವುಗಳಷ್ಟು ಅಸಹಾಯಕ ಸ್ಥಿತಿಗೆ ತಮ್ಮನ್ನು ತಳ್ಳಿದ ಪದಗಳು ಬೇರೆ ಇಲ್ಲವೆಂದೇ ಹೇಳುತ್ತಾರೆ.

ನಗರಗಳಲ್ಲಿ ಸಂಜೆಯ ಹೊತ್ತು ನಡೆಯುವ ಇಂಗ್ಲಿಷ್ ತರಗತಿಗಳಿಗೆ ಬರುವವರು ಮಕ್ಕಳಲ್ಲ. ಬಡ್ತಿಯನ್ನು ಎದುರು ನೋಡುತ್ತಿರುವ ಕಾರ್ಖಾನೆಯ ಕೆಲಸಗಾರ, ಹೊರರಾಜ್ಯದ ಗಿರಾಕಿಗಳೊಡನೆ ವ್ಯವಹರಿಸಬೇಕಾದ ಅಂಗಡಿಯ ಯಜಮಾನ, ಮಗಳ ಶಾಲೆಯ ಉಪಾಧ್ಯಾಯಿನಿಯೊಡನೆ ನಾಲ್ಕು ಮಾತನಾಡಬೇಕೆಂಬ ಗೃಹಿಣಿ, ಪರದೇಶದಲ್ಲಿರುವ ಮಗನ ಮನೆಗೆ ಹೊರಟುನಿಂತ ನಿವೃತ್ತ ತಂದೆ. ಇವರೆಲ್ಲರೂ ತಮ್ಮ ಭಾಷೆಯಲ್ಲಿ ಮಾತು ಬಲ್ಲವರು. ನಾಲ್ಕು ಜನರ ನಡುವೆ ನ್ಯಾಯ ಹೇಳಬಲ್ಲವರು. ಅಂಥವರು 'ಡಿಡ್ ಯು ವೆಂಟ್?' ಎಂದಾಗ ಪಕ್ಕದ ಹುಡುಗ ಕಿಸಕ್ಕನೆ ನಕ್ಕರೆ, ಆ ದಿನಕ್ಕೆ ಪಾಠ ಮುಗಿಯಿತೆಂದೇ ಲೆಕ್ಕ. ಮಗು ತಪ್ಪು ಮಾಡಿದರೆ ತಾನೂ ನಗುತ್ತದೆ. ದೊಡ್ಡವರು ತಪ್ಪು ಮಾಡಿದರೆ ಮೌನವಾಗುತ್ತಾರೆ. ಆ ಮೌನವನ್ನು ಬಿಡಿಸುವುದೇ ವಯಸ್ಕರ ಶಿಕ್ಷಣದಲ್ಲಿ ಅರ್ಧ ಕೆಲಸ.

ಇಪ್ಪತ್ತನಾಲ್ಕು ಪದಗಳ ಸಂಸಾರ

ಈ ಪದಗಳ ಸಂಸಾರ ದೊಡ್ಡದೇನಲ್ಲ. 1922 ರಲ್ಲಿ ಜಪಾನಿಗೆ ಹೋಗಿ ಅಲ್ಲಿ ಇಂಗ್ಲಿಷ್ ಬೋಧನೆಯ ವಿಷಯದಲ್ಲಿ ಬಹುಕಾಲ ದುಡಿದ ಹೆರಾಲ್ಡ್ ಪಾಮರ್ ಹಾಗೂ ಅವರ ಹಾದಿಯಲ್ಲಿ ನಡೆದ ಎ. ಎಸ್. ಹಾರ್ನ್‌ಬಿ ಇವುಗಳನ್ನು ಬೇರೆಯಾಗಿಯೇ ವಿಂಗಡಿಸಿದರು. ಹಾರ್ನ್‌ಬಿಯವರ ಹೆಸರು ಇಂಗ್ಲಿಷ್ ಕಲಿಯುವವರ ನಿಘಂಟಿನ ಮೂಲಕ ಇಲ್ಲಿನ ವಿದ್ಯಾರ್ಥಿಗಳಿಗೂ ಪರಿಚಿತವಾದದ್ದು. ಇವರ ಲೆಕ್ಕದಲ್ಲಿ ಇಂಥ ರೂಪಗಳು ಒಟ್ಟು 24. ಉಳಿದ ಸಾವಿರಾರು ಕ್ರಿಯಾಪದಗಳಿಗಿಲ್ಲದ ಕೆಲವು ಅಧಿಕಾರಗಳು ಇವಕ್ಕಿವೆ. ಕರ್ತೃಪದವನ್ನು ದಾಟಿ ಮುಂದೆ ಬಂದು ವಾಕ್ಯವನ್ನು ಪ್ರಶ್ನೆಯಾಗಿಸಬಲ್ಲವು. 'ನಾಟ್' ಎಂಬ ನಿಷೇಧವನ್ನು ನೇರವಾಗಿ ಬೆನ್ನಿಗೆ ಕಟ್ಟಿಕೊಳ್ಳಬಲ್ಲವು. 'ಯೆಸ್, ಐ ಕ್ಯಾನ್' ಎಂಬಂತೆ ಇಡೀ ಉತ್ತರದ ಭಾರವನ್ನು ತಾವೇ ಹೊರಬಲ್ಲವು. ಇಪ್ಪತ್ತನಾಲ್ಕೇ ಪದಗಳು, ಆದರೆ ಇವುಗಳ ನೆರವಿಲ್ಲದೆ ಇಂಗ್ಲಿಷಿನಲ್ಲಿ ಸಾಮಾನ್ಯವಾದ ಒಂದು ಪ್ರಶ್ನೆ ಕೇಳುವುದೂ ಕಷ್ಟ, 'ಇಲ್ಲ' ಎನ್ನುವುದೂ ಕಷ್ಟ.

ಇಂಗ್ಲಿಷರಿಗೇ ಈ ಏರ್ಪಾಟು ಹುಟ್ಟಿನಿಂದ ಬಂದದ್ದಲ್ಲವೆಂಬುದು ಕಲಿಯುವವರಿಗೆ ಸಮಾಧಾನ ತರುವ ಸಂಗತಿ. ಪ್ರಾಚೀನ ಇಂಗ್ಲಿಷಿನಲ್ಲಿ ಪ್ರಶ್ನೆಗೆ 'ಡು' ಬೇಕಾಗಿರಲಿಲ್ಲ. ಮುಖ್ಯ ಕ್ರಿಯಾಪದವನ್ನೇ ಮುಂದಕ್ಕೆ ತಂದರೆ ಸಾಕಾಗಿತ್ತು. ಷೇಕ್ಸ್‌ಪಿಯರನ (1564–1616) ನಾಟಕಗಳಲ್ಲಿ ಹಳೆಯ ರೀತಿ, ಹೊಸ ರೀತಿ ಎರಡೂ ಅಕ್ಕಪಕ್ಕದಲ್ಲಿಯೇ ಕಾಣಸಿಗುತ್ತವೆ. 1611 ರಲ್ಲಿ ಪ್ರಕಟವಾದ ಬೈಬಲ್ಲಿನ ಭಾಷಾಂತರದಲ್ಲಿಯೂ 'ಡಿಡ್' ಇಲ್ಲದೆ ನಿಷೇಧಿಸುವ ಹಳೆಯ ಪದ್ಧತಿ ಹೇರಳವಾಗಿದೆ. ಸುಮಾರು 1700 ರ ವೇಳೆಗಷ್ಟೇ ಈಗಿನ ನಿಯಮ ನೆಲೆ ನಿಂತಿತು. ಸ್ವೀಡನ್ನಿನ ವಿದ್ವಾಂಸ ಆಲ್ವಾರ್ ಎಲ್ಲೆಗೋರ್ಡ್ 1953 ರಲ್ಲಿ ಈ 'ಡು' ಎಂಬ ಒಂದೇ ಪದದ ಬೆಳವಣಿಗೆಯನ್ನು ಕುರಿತು ಒಂದು ಗ್ರಂಥವನ್ನೇ ಬರೆದನು. ಒಂದು ಜನಾಂಗ ಶತಮಾನಗಳ ಕಾಲ ತಡವರಿಸಿ ಕಲಿತದ್ದನ್ನು ಒಬ್ಬ ಗೃಹಸ್ಥ ಮೂರು ತಿಂಗಳಲ್ಲಿ ಕಲಿಯಲಾರದೆ ಹೋದರೆ ಅದು ಅವನ ದಡ್ಡತನವಲ್ಲ.

ಕೀಲಿಕೈ ಕಿಸೆಯಲ್ಲಿಯೇ ಇದೆ

ಸಾಮಾನ್ಯವಾಗಿ ಈ ಪಾಠ ಆರಂಭವಾಗುವುದು ಕೋಷ್ಟಕದಿಂದ. ಏಕವಚನಕ್ಕೆ ಡಸ್, ಬಹುವಚನಕ್ಕೆ ಡು, ಭೂತಕಾಲಕ್ಕೆ ಡಿಡ್. ವಿದ್ಯಾರ್ಥಿ ಕೋಷ್ಟಕವನ್ನು ಬಾಯಿಪಾಠ ಮಾಡುತ್ತಾನೆ. ಬಾಯಿ ತೆರೆದರೆ ಮತ್ತೆ 'ಡಿಡ್ ವೆಂಟ್' ಎಂದೇ ಬರುತ್ತದೆ. ಕಾರಣವೇನೆಂದರೆ, ಆ ಕೋಷ್ಟಕ ಅವನಿಗೆ ಗೊತ್ತಿರುವ ಯಾವುದಕ್ಕೂ ಅಂಟಿಕೊಂಡಿಲ್ಲ. ಆದರೆ ಅಂಟಿಕೊಳ್ಳಬಹುದಾದ ಜಾಗ ಅವನ ಕನ್ನಡದಲ್ಲಿಯೇ ಇದೆ.

'ಅವನು ಹೋದನು' ಎಂಬ ವಾಕ್ಯವನ್ನು ತೆಗೆದುಕೊಳ್ಳೋಣ. ಇದರ ನಿಷೇಧವೇನು? 'ಹೋದನಿಲ್ಲ' ಎಂದು ಯಾವ ಕನ್ನಡಿಗನೂ ಹೇಳುವುದಿಲ್ಲ, 'ಹೋಗಲಿಲ್ಲ' ಎನ್ನುತ್ತಾನೆ. 'ಹೋದ' ಎಂಬ ಭೂತಕಾಲದ ರೂಪ ಮಾಯವಾಗಿ, ಧಾತು ತನ್ನ ಮೂಲ ರೂಪದಲ್ಲಿ ನಿಂತಿತು. ಇಂಗ್ಲಿಷಿನಲ್ಲಿ 'ವೆಂಟ್' ಮಾಯವಾಗಿ 'ಡಿಡ್ ನಾಟ್ ಗೋ' ಆಗುವುದೂ ಹೀಗೆಯೇ. 'ಹೋಗುತ್ತಾನೆ', 'ಹೋಗುತ್ತಾಳೆ' ಎಂಬುವುಗಳ ನಿಷೇಧ 'ಹೋಗುವುದಿಲ್ಲ'. ಕರ್ತೃವನ್ನು ಸೂಚಿಸುವ ಪ್ರತ್ಯಯ ಅಲ್ಲಿ ಕಳಚಿಬೀಳುತ್ತದೆ. 'ಹಿ ಗೋಸ್' ಎಂಬುದು 'ಡಸ್ ನಾಟ್ ಗೋ' ಆದಾಗ 'ಗೋಸ್' ತನ್ನ ಬಾಲವನ್ನು ಕಳೆದುಕೊಳ್ಳುವುದಕ್ಕೂ ಇದಕ್ಕೂ ಎಷ್ಟು ಹೋಲಿಕೆ! 'ಡಸ್ ನಾಟ್ ಗೋಸ್' ಎಂಬುದು ಇಂಗ್ಲಿಷಿನ ಕಿವಿಗೆ ಹೇಗೆ ಕೇಳಿಸುತ್ತದೆಂದು ತಿಳಿಯಬೇಕಾದರೆ, 'ಹೋಗುತ್ತಾನೆಯಿಲ್ಲ' ಎಂದು ಒಮ್ಮೆ ಗಟ್ಟಿಯಾಗಿ ಹೇಳಿ ನೋಡಿದರೆ ಸಾಕು.

ಹಾಗಾದರೆ ತಪ್ಪು ಎಲ್ಲಿಂದ ಬಂತು? ಪ್ರಶ್ನೆಯಿಂದ. ಕನ್ನಡದಲ್ಲಿ 'ಹೋದನು' ಎಂಬುದಕ್ಕೆ ಒಂದು ಏಕಾರ ಸೇರಿಸಿ 'ಹೋದನೇ?' ಎಂದರೆ ಪ್ರಶ್ನೆಯಾಯಿತು. ಭೂತಕಾಲದ ರೂಪ ಹಾಗೆಯೇ ಉಳಿಯಿತು. ಇಂಗ್ಲಿಷಿನಲ್ಲಿ ಪ್ರಶ್ನೆಗೂ ನಿಷೇಧದ ಉಪಚಾರವೇ ನಡೆಯಬೇಕು. ಆದ್ದರಿಂದ ಜಾಣ ಉಪಾಧ್ಯಾಯ ಮೊದಲು ನಿಷೇಧವನ್ನು ಕಲಿಸಿ, 'ಹೋಗಲಿಲ್ಲ' ಎಂಬುದರ ಆಧಾರದಿಂದ ಅದನ್ನು ಭದ್ರಪಡಿಸಿ, ಆಮೇಲೆ ಅದೇ ಕಟ್ಟಡವನ್ನು ತಿರುಗಿಸಿ ಪ್ರಶ್ನೆಯಾಗಿ ಮಾಡುತ್ತಾನೆ. ಎರಡನ್ನೂ ಒಂದೇ ದಿನ ಬೆರೆಸಿದರೆ ಎರಡೂ ಕೆಡುತ್ತವೆ.

ಬಹುದು, ಬೇಕು, ಬಾರದು

ಕ್ಯಾನ್, ಮೇ, ಮಸ್ಟ್ ಮೊದಲಾದವುಗಳ ವಿಷಯದಲ್ಲಿಯೂ ಕನ್ನಡಿಗ ಬರಿಗೈಯವನಲ್ಲ. 'ನಾನು ಹೋಗಬೇಕು, ಅವಳು ಹೋಗಬೇಕು, ಅವರು ಹೋಗಬೇಕು': ಇಲ್ಲಿ ಲಿಂಗ ವಚನಗಳು ಬದಲಾದರೂ 'ಬೇಕು' ಬದಲಾಗಲಿಲ್ಲ. 'ಮಸ್ಟ್' ಎಂಬುದಕ್ಕೂ 'ಕ್ಯಾನ್' ಎಂಬುದಕ್ಕೂ ಇಂಥದೇ ಹಟಮಾರಿ ಸ್ವಭಾವ. 'ನೀನು ಹೋಗಬಹುದು' ಎಂದರೆ ಅನುಮತಿ. 'ಮಳೆ ಬರಬಹುದು' ಎಂದರೆ ಸಂಭವ. ಒಂದೇ ಪದ ಎರಡು ಅರ್ಥಗಳನ್ನೂ ಹೊರುತ್ತದೆ. ಇಂಗ್ಲಿಷಿನ 'ಮೇ' ಎಂಬುದಕ್ಕೂ ಇವೇ ಎರಡು ಅರ್ಥಗಳಿರುವುದನ್ನು ತೋರಿಸಿಕೊಟ್ಟರೆ ವಿದ್ಯಾರ್ಥಿಯ ಮುಖ ಅರಳುತ್ತದೆ.

ಆದರೆ ಎಚ್ಚರ ತಪ್ಪಬಾರದ ಒಂದು ತಾಣವಿದೆ. 'ಈ ಗುಳಿಗೆಯನ್ನು ಇನ್ನು ನುಂಗಬೇಕಾಗಿಲ್ಲ' ಎಂಬುದಕ್ಕೂ 'ನುಂಗಬಾರದು' ಎಂಬುದಕ್ಕೂ ಇರುವ ಅಂತರ ಕನ್ನಡದಲ್ಲಿ ಮಗುವಿಗೂ ತಿಳಿಯುತ್ತದೆ. ಇಂಗ್ಲಿಷಿನಲ್ಲಿ ಮೊದಲನೆಯದು 'ಡೋಂಟ್ ಹ್ಯಾವ್ ಟು' ಅಥವಾ 'ನೀಡ್ ನಾಟ್', ಎರಡನೆಯದು 'ಮಸ್ಟ್ ನಾಟ್'. 'ಡೋಂಟ್' ಎಂಬ ಸದ್ದು ಕಿವಿಗೆ ಬಿದ್ದೊಡನೆ ಅದು ನಿಷೇಧಾಜ್ಞೆಯೆಂದು ತಿಳಿಯುವವರು ಬಹಳ. ವೈದ್ಯರ ಎದುರಿನಲ್ಲಿ ಈ ತಪ್ಪು ನಗುವಿನ ವಿಷಯವಾಗಿ ಉಳಿಯುವುದಿಲ್ಲ.

ದಾರಿ ಕವಲೊಡೆಯುವಲ್ಲಿ

ಎರಡು ಭಾಷೆಗಳೂ ಕೈಬಿಟ್ಟು ಬೇರೆ ಬೇರೆ ದಾರಿ ಹಿಡಿಯುವ ಸ್ಥಳಗಳೂ ಉಂಟು. ಕನ್ನಡದಲ್ಲಿ 'ಬರುತ್ತಿದ್ದೇನೆ', 'ಬಂದಿದ್ದೇನೆ' ಎರಡರಲ್ಲಿಯೂ ನೆರವಿಗೆ ನಿಂತಿರುವುದು 'ಇರು' ಎಂಬ ಒಂದೇ ಧಾತು. ಇಂಗ್ಲಿಷಿನಲ್ಲಿ ಮೊದಲನೆಯದಕ್ಕೆ 'ಆಮ್', ಎರಡನೆಯದಕ್ಕೆ 'ಹ್ಯಾವ್'. 'ನಿನ್ನೆಯೇ ಬಂದಿದ್ದೇನೆ' ಎಂಬುದು ಕನ್ನಡದಲ್ಲಿ ಸರಿ. ಆದರೆ 'ಯೆಸ್ಟರ್ಡೇ' ಎಂಬ ಪದದೊಡನೆ 'ಹ್ಯಾವ್ ಕಮ್' ಹೊಂದುವುದಿಲ್ಲ.

'ಅಲ್ಲವೇ' ಎಂಬುದು ಇನ್ನೊಂದು ಉದಾಹರಣೆ. 'ನೀವು ಬರುತ್ತೀರಿ, ಅಲ್ಲವೇ?', 'ಅವರು ಹೋದರು, ಅಲ್ಲವೇ?' ಎಂದು ಎಲ್ಲ ವಾಕ್ಯಗಳ ತುದಿಗೂ ಒಂದೇ ಬೀಗ ಸಾಕು. ಅದೇ ಅಭ್ಯಾಸದಿಂದ ಎಲ್ಲ ಕಡೆಯೂ 'ಇಸಂಟ್ ಇಟ್' ಎಂದು ಸೇರಿಸುತ್ತಾರೆ. ಫ್ರೆಂಚರಿಗೂ ಜರ್ಮನರಿಗೂ ಇಂಥ ಸರ್ವೋಪಯೋಗಿ ನುಡಿಗಳಿವೆ. ಇಂಗ್ಲಿಷಿನಲ್ಲಿ ಮಾತ್ರ ಹಿಂದಿನ ಸಹಾಯಕ ಪದ ಯಾವುದೋ ಅದೇ ಮರಳಿ ಬರಬೇಕು: ವಿಲ್ ಇದ್ದರೆ 'ವೋಂಟ್ ಯು', ಡಿಡ್ ಅಡಗಿದ್ದರೆ 'ಡಿಡಂಟ್ ದೇ'.

ಇದಕ್ಕಿಂತ ಅಪಾಯಕರವಾದದ್ದು ಹೌದು-ಇಲ್ಲಗಳ ಗೊಂದಲ. 'ನೀವು ಹಣ ಕಟ್ಟಿಲ್ಲವೇ?' ಎಂದು ಕನ್ನಡದಲ್ಲಿ ಕೇಳಿದರೆ 'ಹೌದು, ಕಟ್ಟಿಲ್ಲ' ಎನ್ನಬಹುದು. ಅದೇ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಕೇಳಿದ ಅಧಿಕಾರಿಗೆ 'ಯೆಸ್' ಎಂದಷ್ಟೇ ಹೇಳಿದರೆ, ಹಣ ಸಂದಾಯವಾಗಿದೆಯೆಂದು ಅವನು ತಿಳಿಯುತ್ತಾನೆ. ಇದಕ್ಕೆ ಪರಿಹಾರ ಸುಲಭ. ಯೆಸ್ ಅಥವಾ ನೋ ಎಂಬುದನ್ನು ಒಂಟಿಯಾಗಿ ಬಿಡದೆ, 'ನೋ, ಐ ಹ್ಯಾವಂಟ್' ಎಂದು ಸಹಾಯಕ ಪದವನ್ನು ಜೊತೆಗೆ ಕಳುಹಿಸಬೇಕು. ಆಗ ಸಂದೇಹಕ್ಕೆ ಎಡೆಯಿಲ್ಲ.

ಮರ್ಯಾದೆಯ ಮನೆ

ಇಷ್ಟೆಲ್ಲವೂ ಸರಿ ತಪ್ಪುಗಳ ಮಾತಾಯಿತು. ಇವುಗಳಿಗಿಂತ ಮುಖ್ಯವಾದದ್ದು ಮರ್ಯಾದೆ. ಕನ್ನಡದಲ್ಲಿ ಗೌರವ ನೆಲೆಸಿರುವುದು ಬಹುವಚನದಲ್ಲಿ. 'ಎರಡು ದಿನ ರಜೆ ಕೊಡಿ' ಎಂಬ ಮಾತಿನಲ್ಲಿ ಯಾವ ಒರಟುತನವೂ ಇಲ್ಲ. 'ಕೊಡು' ಎನ್ನದೆ 'ಕೊಡಿ' ಎಂದದ್ದರಲ್ಲಿಯೇ ವಿನಯ ಸೇರಿದೆ. ಇದನ್ನು ಪದಕ್ಕೆ ಪದವಿಟ್ಟು ಇಂಗ್ಲಿಷಿಗೆ ತಿರುಗಿಸಿದರೆ ಆ ಪ್ರತ್ಯಯ ದಾರಿಯಲ್ಲಿಯೇ ಉದುರಿಹೋಗಿ, ಆಜ್ಞೆ ಮಾತ್ರ ಉಳಿಯುತ್ತದೆ. ಮನೆಯಲ್ಲಿ ಹಿರಿಯರೆದುರು ಎಂದೂ ದನಿಯೆತ್ತದ ಸಭ್ಯ ಮನುಷ್ಯ, ಕಚೇರಿಯಲ್ಲಿ ಒರಟನೆನಿಸಿಕೊಳ್ಳುವುದು ಹೀಗೆ. ತಾನು ಮಾಡಿದ ಅಪರಾಧವೇನೆಂದು ಅವನಿಗೆ ಯಾರೂ ಹೇಳುವುದೂ ಇಲ್ಲ.

ಇಂಗ್ಲಿಷಿನಲ್ಲಿ ಆ ವಿನಯದ ಮನೆ ಸಹಾಯಕ ಕ್ರಿಯಾಪದ. 'ಕುಡ್ ಐ', 'ವುಡ್ ಯು' ಎಂದಾಗ ಭೂತಕಾಲದ ರೂಪ ವರ್ತಮಾನದ ಕೋರಿಕೆಯನ್ನು ಒಂದು ಹೆಜ್ಜೆ ದೂರ ನಿಲ್ಲಿಸಿ ಮೃದುಗೊಳಿಸುತ್ತದೆ. ಇದೂ ಕನ್ನಡಿಗನಿಗೆ ಹೊಸದಲ್ಲ. ಪರಿಚಿತರ ಮನೆಗೆ ಹೋಗಿ, 'ತಮ್ಮಲ್ಲಿ ಒಂದು ಮಾತು ಕೇಳಬೇಕಾಗಿತ್ತು' ಎನ್ನುವುದಿಲ್ಲವೇ? ಕೇಳಬೇಕಾಗಿರುವುದು ಈಗ, ಆದರೂ 'ಆಗಿತ್ತು' ಎಂದದ್ದು ಸಂಕೋಚದಿಂದ. ಇದನ್ನು ತಿಳಿದ ದಿನ 'ಕುಡ್' ಎಂಬುದು ಕೋಷ್ಟಕದ ಒಂದು ಮೂಲೆಯಿಂದ ಎದ್ದು ಬಂದು ನಡೆಯ ಭಾಗವಾಗುತ್ತದೆ.

ಶಲ್ ಮತ್ತು ವಿಲ್ ಎಂಬುವುಗಳ ಹಳೆಯ ನಿಯಮವನ್ನು ಮಾತ್ರ ಇಂದು ಹೆಚ್ಚು ಹಚ್ಚಿಕೊಳ್ಳಬೇಕಾಗಿಲ್ಲ. ಅನಂತದ ಚಿಹ್ನೆಯನ್ನು ಗಣಿತಕ್ಕೆ ತಂದ ಜಾನ್ ವಾಲಿಸ್ 1653 ರಲ್ಲಿ ತನ್ನ ವ್ಯಾಕರಣದಲ್ಲಿ ಬರೆದ ನಿಯಮವದು: ಉತ್ತಮ ಪುರುಷದಲ್ಲಿ ಶಲ್ ಎಂದರೆ ಬರಿಯ ಭವಿಷ್ಯ, ವಿಲ್ ಎಂದರೆ ಸಂಕಲ್ಪ, ಉಳಿದೆಡೆ ಇದಕ್ಕೆ ವಿರುದ್ಧ. ನೀರಿಗೆ ಬಿದ್ದ ಪರದೇಶಿಯೊಬ್ಬ ಗಾಬರಿಯಲ್ಲಿ ಇವೆರಡನ್ನೂ ಅದಲುಬದಲು ಮಾಡಿ ಕೂಗಿಕೊಂಡನಂತೆ. 'ಮುಳುಗಿಯೇ ತೀರುತ್ತೇನೆ, ಯಾರೂ ರಕ್ಷಿಸಕೂಡದು' ಎಂದು ಅದಕ್ಕೆ ಅರ್ಥವಾಗಿ, ದಡದಲ್ಲಿದ್ದ ಸಭ್ಯರು ಅವನ ಇಷ್ಟಕ್ಕೆ ಅಡ್ಡಬರದೆ ಸುಮ್ಮನಿದ್ದರಂತೆ! ಇಂದಿನ ಬಳಕೆಯಲ್ಲಿ ಎಲ್ಲ ಪುರುಷಗಳಿಗೂ ವಿಲ್ ನಡೆಯುತ್ತದೆ. ಪರೀಕ್ಷೆಗಾಗಿ ಅಲ್ಲ, ಬಾಳಿಗಾಗಿ ಕಲಿಯುವವರ ಕಾಲವನ್ನು ಇದರಲ್ಲಿ ಕಳೆಯುವುದು ನ್ಯಾಯವಲ್ಲ.

ಕಿವಿಯ ಪಾಠ

ಓದುವಾಗ ಸ್ಪಷ್ಟವಾಗಿ ಕಾಣುವ ಈ ಪದಗಳು ಮಾತಿನಲ್ಲಿ ಕಿವಿಗೆ ಬೀಳುವುದೇ ಅಪರೂಪ. 'ಐ ವಿಲ್' ಎಂಬುದು 'ಐಲ್' ಆಗುತ್ತದೆ. 'ಕ್ಯಾನ್' ಎಂಬುದು ಒತ್ತಿಲ್ಲದೆ 'ಕನ್' ಎಂಬಷ್ಟಕ್ಕೆ ಕುಗ್ಗುತ್ತದೆ. ದೂರವಾಣಿಯಲ್ಲಿ ಕ್ಯಾನ್, ಕ್ಯಾಂಟ್ ಎರಡೂ ಒಂದೇ ಎಂಬ ಭ್ರಮೆ ಹುಟ್ಟುವುದು ಇದರಿಂದಲೇ. ಇಲ್ಲಿ ನೆನಪಿಡಬೇಕಾದ ಸೂತ್ರ ಒಂದೇ: ಆಗುತ್ತದೆ ಎನ್ನುವಾಗ ಒತ್ತು ಮುಂದಿನ ಕ್ರಿಯಾಪದದ ಮೇಲೆ, ಆಗದು ಎನ್ನುವಾಗ ಸಹಾಯಕ ಪದದ ಮೇಲೆಯೂ ಬೀಳುತ್ತದೆ. ಕನ್ನಡದಲ್ಲಿ 'ಬರುತ್ತಿದ್ದೇನೆ' ಎಂದು ಬರೆದು 'ಬರ್ತಿದೀನಿ' ಎಂದು ಆಡುವವರಿಗೆ ಬರಹಕ್ಕೂ ಮಾತಿಗೂ ಇರುವ ಈ ಅಂತರವನ್ನು ವಿವರಿಸುವುದು ಕಷ್ಟವಾಗಬೇಕಾಗಿಲ್ಲ.

ಉಪಾಧ್ಯಾಯರನ್ನೇ ತರಬೇತುಗೊಳಿಸುವುದಕ್ಕಾಗಿ 1958 ರಲ್ಲಿ ಹೈದರಾಬಾದಿನಲ್ಲಿಯೂ 1963 ರಲ್ಲಿ ಬೆಂಗಳೂರಿನಲ್ಲಿಯೂ ಇಂಗ್ಲಿಷ್ ಬೋಧನಾ ಸಂಸ್ಥೆಗಳು ಸ್ಥಾಪಿತವಾದವು. ಹೈದರಾಬಾದಿನದು ಇಂದು ವಿಶ್ವವಿದ್ಯಾಲಯವಾಗಿ ಬೆಳೆದಿದೆ. ಆದರೆ ಎಂಥ ತರಬೇತಿಯೂ ಒಂದು ವಿವೇಕಕ್ಕೆ ಬದಲಾಗಲಾರದು. ವಾರಕ್ಕೆ ಎರಡೋ ಮೂರೋ ಪದಗಳನ್ನು ಮಾತ್ರ ತೆಗೆದುಕೊಳ್ಳುವುದು. ಉದಾಹರಣೆಗಳನ್ನು ಕಲಿಯುವವರ ಅಂಗಡಿ, ಅಡುಗೆಮನೆ, ಕಚೇರಿಗಳಿಂದಲೇ ಆರಿಸುವುದು. ಮಾತು ನಡೆಯುತ್ತಿರುವಾಗ ನಡುವೆ ಬಾಯಿ ಹಾಕಿ ತಿದ್ದದೆ, ಮುಗಿದ ಮೇಲೆ ತಿದ್ದುವುದು. ವಯಸ್ಕರ ಉಪಾಧ್ಯಾಯನಿಗೆ ಈ ಮೂರು ವ್ರತಗಳು ಸಾಕು.

ಇಂಗ್ಲಿಷ್ ಬರಬೇಕಾದರೆ ಕನ್ನಡವನ್ನು ಬಾಗಿಲ ಹೊರಗೆ ಬಿಟ್ಟು ಬರಬೇಕೆಂದು ಹೇಳುವವರು ಇಂದಿಗೂ ಇದ್ದಾರೆ. ನಲವತ್ತು ವರ್ಷ ಒಂದು ಭಾಷೆಯಲ್ಲಿ ಬಾಳಿದವನು ಅದನ್ನು ಚಪ್ಪಲಿಯಂತೆ ಹೊರಗೆ ಬಿಡಲಾರ, ಬಿಡಬೇಕಾಗಿಯೂ ಇಲ್ಲ. 'ಹೋಗಲಿಲ್ಲ' ಎನ್ನಬಲ್ಲವನಿಗೆ 'ಡಿಡ್ ನಾಟ್ ಗೋ' ಅರ್ಧ ಬಂದೇ ಇದೆ. 'ಕೇಳಬೇಕಾಗಿತ್ತು' ಎನ್ನುವಷ್ಟು ವಿನಯವುಳ್ಳವನಿಗೆ 'ಕುಡ್' ಎಂಬುದರ ಮರ್ಮ ಆಗಲೇ ಗೊತ್ತಿದೆ. ಇಷ್ಟನ್ನು ಅವನಿಗೆ ತೋರಿಸಿಕೊಟ್ಟ ಉಪಾಧ್ಯಾಯ ಒಂದು ಹೊಸ ಭಾಷೆಯ ಜೊತೆಗೆ, ಅವನು ಕಳೆದುಕೊಂಡಿದ್ದ ಧೈರ್ಯವನ್ನೂ ಮರಳಿ ಕೊಟ್ಟಂತಾಗುತ್ತದೆ.