ಊರು ಒಂದು, ಹೆಸರು ಎರಡು: ಡೇಟಾಬೇಸ್ ನಮೂನೆಗಳಲ್ಲಿ ಆಯ್ಕೆಪಟ್ಟಿಯ ಶೋಧನೆ

ಜತ್ತ ತಾಲ್ಲೂಕಿನ ಗುಡ್ಡಾಪುರವು ದಾನಮ್ಮದೇವಿಯ ಕ್ಷೇತ್ರವೆಂದು ಗಡಿಯ ಎರಡೂ ಬದಿಯವರಿಗೆ ಪರಿಚಿತ. ಮರಾಠಿ ಬರವಣಿಗೆಯಲ್ಲಿ ಅದು ‘ಗುಡ್ಡಾಪೂರ’ ಆಗುತ್ತದೆ. ಬಿಳೂರು ‘ಬಿಳೂರ’ ಆಗುತ್ತದೆ. ಹ್ರಸ್ವ ದೀರ್ಘ ಒಕಾರಗಳನ್ನು ದೇವನಾಗರಿ ಬೇರ್ಪಡಿಸದ ಕಾರಣ ಮರಾಠಿ ದಾಖಲೆಯಿಂದ ಕನ್ನಡಕ್ಕೆ ಮರಳುವಾಗ ಒಬ್ಬರು ‘ಸೊನ್ಯಾಳ’ ಎಂದೂ ಇನ್ನೊಬ್ಬರು ‘ಸೋನ್ಯಾಳ’ ಎಂದೂ ಬರೆಯಬಹುದು. ಊರಿನವರಿಗೆ ಇದರಿಂದ ತೊಡಕಿಲ್ಲ. ಸಮೀಕ್ಷೆಯನ್ನು ಡೇಟಾಬೇಸಿಗೆ ಸೇರಿಸುವವರಿಗೆ ಮಾತ್ರ ಒಂದು ಊರು ಎರಡಾಗಿಬಿಡುತ್ತದೆ.

ಗಡಿನಾಡಿನಲ್ಲಿ ಇದನ್ನು ಗುಮಾಸ್ತಿಕೆಯ ಸಣ್ಣ ತಪ್ಪೆಂದು ತಳ್ಳಿಹಾಕುವಂತಿಲ್ಲ. ಆಂಧ್ರ ಮತ್ತು ಮದ್ರಾಸ್ ರಾಜ್ಯಗಳ ಗಡಿಗಾಗಿ ರೂಪುಗೊಂಡ ಪಾಟಸ್ಕರ್ ಸೂತ್ರವು ಗ್ರಾಮವನ್ನೇ ಘಟಕವೆಂದು ಹಿಡಿಯಿತು. ಮಹಾರಾಷ್ಟ್ರವು ತನ್ನ ವಾದದಲ್ಲಿ ಅದನ್ನೇ ಮುಂದಿಟ್ಟಿತು. 1967ರ ಮಹಾಜನ ಆಯೋಗದ ವರದಿಯಲ್ಲಿ ಜತ್ತದ ಪ್ರಶ್ನೆಯೂ ಸೇರಿತ್ತು. ಗ್ರಾಮಗಳ ಎಣಿಕೆಯೇ ವಾದದ ಆಧಾರವಾಗುವ ನೆಲದಲ್ಲಿ ಎರಡು ಬಾರಿ ಎಣಿಕೆಯಾದ ಒಂದು ಊರು ಇಡೀ ಪಟ್ಟಿಯ ಮೇಲಿನ ನಂಬಿಕೆಯನ್ನು ಕೆಡಿಸುತ್ತದೆ.

ಆದ್ದರಿಂದ ಮೊದಲ ನಿರ್ಧಾರ ಘಟಕದ ಕುರಿತಾದುದು. ಘಟಕ ಗ್ರಾಮವಾದರೆ 2011ರ ಜನಗಣತಿಯ ಆರಂಕಿಯ ಗ್ರಾಮಸಂಕೇತವೇ ಗುರುತು. ಶಾಲೆಯಾದರೆ ಹನ್ನೊಂದು ಅಂಕಿಗಳ ಯುಡೈಸ್ ಸಂಕೇತ. ಒಂದೇ ಗ್ರಾಮದಲ್ಲಿ ಕನ್ನಡ, ಮರಾಠಿ ಶಾಲೆಗಳೆರಡೂ ಇದ್ದಾಗ ಗ್ರಾಮವನ್ನೇ ಅನನ್ಯವೆಂದು ವಿಧಿಸಿದರೆ ಎರಡನೆಯ ಶಾಲೆ ದಾಖಲಾಗುವುದೇ ಇಲ್ಲ. ಹೆಸರಿನ ರೂಪಗಳನ್ನೆಲ್ಲ ಬೇರೊಂದು ಕೋಷ್ಟಕದಲ್ಲಿಟ್ಟು ಸಂಕೇತಕ್ಕೆ ಜೋಡಿಸಬೇಕು. ನಮೂದಿಸುವವರು ಯಾವ ರೂಪವನ್ನು ಹುಡುಕಿದರೂ ಡ್ರಾಪ್‌ಡೌನ್ ಅದೇ ಊರನ್ನು ತೋರಿಸಲಿ. ಉಳಿತಾಯವಾಗುವುದು ಸಂಕೇತ ಮಾತ್ರ.

ಹೆಸರನ್ನು ಬೆರಳಚ್ಚಿಸಲು ಬಿಟ್ಟರೆ ಕಣ್ಣಿಗೆ ಕಾಣದ ಭೇದವೂ ಸೇರಿಕೊಳ್ಳುತ್ತದೆ. ಯೂನಿಕೋಡಿನಲ್ಲಿ ‘ೊ’ ಒಂದೇ ಚಿಹ್ನೆಯಾಗಿಯೂ ‘ೆ’, ‘ೂ’ ಎಂಬ ಎರಡರ ಜೋಡಣೆಯಾಗಿಯೂ ಇರಬಲ್ಲದು. ಪರದೆಯ ಮೇಲೆ ಎರಡೂ ಒಂದೇ. ಪಠ್ಯವನ್ನು ಮೊದಲು ಏಕರೂಪಕ್ಕೆ ತರದಿದ್ದರೆ ಹೋಲಿಕೆಯಲ್ಲಿ ಯಂತ್ರ ಅವನ್ನು ಬೇರೆಬೇರೆಯೆಂದೇ ಎಣಿಸಬಹುದು.

ಇನ್ನು ಶೋಧನೆ. ಪ್ರಶ್ನಾವಳಿಯೊಂದಕ್ಕೆ ಗ್ರಾಮಕ್ಕೊಂದೇ ದಾಖಲೆ ಬೇಕಾದಾಗ, ಆ ಪ್ರಶ್ನಾವಳಿಯಡಿ ಇನ್ನೂ ದಾಖಲಾಗದ ಗ್ರಾಮಗಳನ್ನಷ್ಟೇ ಪಟ್ಟಿಯಲ್ಲಿ ತೋರಿಸುವುದು ಸಾಮಾನ್ಯ ಕ್ರಮ. ಇಲ್ಲಿ ಮೂರು ಎಚ್ಚರಗಳು ಅಗತ್ಯ. ಹಳೆಯ ದಾಖಲೆಯನ್ನು ತಿದ್ದಲು ತೆರೆದಾಗ ಅದರದೇ ಗ್ರಾಮ ಪಟ್ಟಿಯಿಂದ ಮಾಯವಾಗಬಾರದು. ಅದಕ್ಕೆ ವಿನಾಯಿತಿ ಕೊಡಬೇಕು. ‘ನಾಟ್ ಇನ್’ ಬಳಸಿ ಶೋಧಿಸುವಾಗ ಒಳಪಟ್ಟಿಯಲ್ಲಿ ಒಂದೇ ಒಂದು ಖಾಲಿ ಮೌಲ್ಯವಿದ್ದರೂ ಫಲಿತ ಬರಿದಾಗುತ್ತದೆ. ‘ನಾಟ್ ಎಕ್ಸಿಸ್ಟ್ಸ್’ ಬಳಸುವುದು ಸುರಕ್ಷಿತ. ಮೂರನೆಯದು, ಇಬ್ಬರು ಏಕಕಾಲಕ್ಕೆ ನಮೂನೆ ತೆರೆದರೆ ಇಬ್ಬರಿಗೂ ಉಮದಿ ಕಾಣುತ್ತದೆ, ಇಬ್ಬರೂ ಉಳಿಸಬಲ್ಲರು. ಇದನ್ನು ತಡೆಯುವ ಶಕ್ತಿ ಶೋಧನೆಗಿಲ್ಲ. ಗ್ರಾಮಸಂಕೇತ ಮತ್ತು ಪ್ರಶ್ನಾವಳಿ ಸಂಖ್ಯೆಗಳ ಜೋಡಿ ಅನನ್ಯವಾಗಿರಬೇಕೆಂಬ ನಿಯಮವನ್ನು ಕೋಷ್ಟಕದಲ್ಲಿಯೇ ವಿಧಿಸಬೇಕು. ಶೋಧನೆ ನಮೂದಿಸುವವರಿಗೆ ನೆರವು. ತಡೆ ಒಡ್ಡುವುದು ಕೋಷ್ಟಕದ ನಿಯಮ.

ಶೋಧನೆಯೇ ಪುನರಾವೃತ್ತಿಗೆ ಕಾರಣವಾಗುವುದೂ ಉಂಟು. ಸಂಖ ಗ್ರಾಮವನ್ನು ಹುಡುಕಿದವರಿಗೆ ಅದು ಕಾಣದಿದ್ದರೆ, ‘ಈಗಾಗಲೇ ದಾಖಲಾಗಿದೆ’ ಎಂದು ಅವರು ಭಾವಿಸಬೇಕಾಗಿಲ್ಲ. ಗ್ರಾಮವೇ ಪಟ್ಟಿಯಲ್ಲಿ ಬಿಟ್ಟುಹೋಗಿದೆಯೆಂದು ತಿಳಿದು ಹೊಸದಾಗಿ ಸೇರಿಸಿಬಿಡಬಹುದು. ದಾಖಲಾದ ಹೆಸರನ್ನು ಅಳಿಸುವುದಕ್ಕಿಂತ ಮಸುಕಾಗಿಸಿ, ‘ದಾಖಲಾಗಿದೆ’ ಎಂದು ಬರೆದು, ಹಳೆಯ ದಾಖಲೆಗೆ ದಾರಿ ತೋರುವುದು ಲೇಸು. ಹೊಸ ಗ್ರಾಮವನ್ನು ಸೇರಿಸುವ ಅಧಿಕಾರ ಸಂಪಾದಕರೊಬ್ಬರ ಬಳಿ ಮಾತ್ರ ಇರಲಿ.

ಪುನರಾವೃತ್ತಿಯನ್ನು ತಡೆಯುವ ಭರದಲ್ಲಿ ಎರಡು ಹೆಸರುಗಳಲ್ಲಿ ಒಂದನ್ನು ತಪ್ಪೆಂದು ತೆಗೆದುಹಾಕಿದರೆ ಭಾಷಾಸಂಶೋಧಕರು ತಮ್ಮ ಸಾಮಗ್ರಿಯನ್ನೇ ಕಳೆದುಕೊಂಡಂತೆ. ಗುಡ್ಡಾಪುರ, ಗುಡ್ಡಾಪೂರ ಎರಡೂ ಉಳಿಯಬೇಕು. ಎಣಿಕೆಯಲ್ಲಿ ಮಾತ್ರ ಅವು ಒಂದಾಗಬೇಕು.